ಎರಡು ಸಿಸ್ಟಮ್‌ಗೆ ಎರಡು ಡ್ರೈವ್

ಇವತ್ತಿನ ಮಾತು ಮನೆಯ, ಅಂಗಡಿಯ, ಸಣ್ಣ ಕಚೇರಿಯ ಕಂಪ್ಯೂಟರಿಗೆ ಸಂಬಂಧಿಸಿದ್ದು. ಪ್ರಶ್ನೆ ಒಂದೇ. ಒಂದು ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಬೇಕು ಎಂದಾಗ, ಎರಡನ್ನೂ ಒಂದೇ ಡ್ರೈವಿನಲ್ಲಿ ಕೂರಿಸಬೇಕೇ, ಒಂದೊಂದಕ್ಕೆ ಒಂದೊಂದು ಡ್ರೈವ್ ಕೊಡಬೇಕೇ? ಯಂತ್ರ ಆನ್ ಮಾಡಿದಾಗ ಯಾವುದು ಬೇಕೋ ಅದನ್ನು ಆರಿಸಿಕೊಳ್ಳುವ ಈ ಏರ್ಪಾಡಿಗೆ ಡ್ಯುಯಲ್ ಬೂಟ್ ಎನ್ನುತ್ತಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೊಂದಕ್ಕೆ ಒಂದೊಂದು ಡ್ರೈವ್ ಕೊಡಬೇಕು. ಜೊತೆಗೆ, ಎರಡನೆಯದನ್ನು ಇನ್‌ಸ್ಟಾಲ್ ಮಾಡುವ ಹೊತ್ತಿನಲ್ಲಿ ಮೊದಲನೆಯ ಡ್ರೈವನ್ನು ಬಿಚ್ಚಿಡಬೇಕು. ಮೊದಲ ಮಾತನ್ನು ಬಹಳ ಜನ ಒಪ್ಪುತ್ತಾರೆ. ಎರಡನೆಯದನ್ನು ಕೇಳಿ, ಇಷ್ಟೊಂದು ಎಚ್ಚರಿಕೆ ಯಾಕೆ ಎಂದು ನಗುತ್ತಾರೆ. ನನ್ನ ವಾದ ನಿಂತಿರುವುದು ಆ ಎರಡನೆಯ ಮಾತಿನ ಮೇಲೆಯೇ.

ಈ ಪ್ರಶ್ನೆ ಈಗ ಯಾಕೆ ಎದ್ದಿತು ಎಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಮನೆಬಳಕೆಯವರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನೂ ಮೈಕ್ರೋಸಾಫ್ಟ್ ಪ್ರಕಟಿಸಿತು. ಅದು ತಾತ್ಕಾಲಿಕ ಏರ್ಪಾಡು. ವಿಂಡೋಸ್ 11ಕ್ಕೆ ಹೋಗೋಣ ಎಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನದು ಬೇಕು. ಅಂದರೆ 2017ರ ಕೊನೆಯಿಂದ ಈಚೆಗೆ ಮಾರುಕಟ್ಟೆಗೆ ಬಂದದ್ದು. ಅದಕ್ಕಿಂತ ಹಳೆಯ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಪಟ್ಟಿಯಿಂದ ಹೊರಗೆ. ಹೀಗಾಗಿ ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ಲಿನಕ್ಸ್ ಆವೃತ್ತಿಗಳ ಕಡೆ ಜನ ನೋಡುತ್ತಿದ್ದಾರೆ. ಹಣ ಕೊಡಬೇಕಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತವೆ, ಅಪ್‌ಡೇಟ್ ಬರುತ್ತಲೇ ಇರುತ್ತದೆ. ಆದರೆ ವಿಂಡೋಸನ್ನು ಪೂರ್ತಿ ಬಿಡಲು ನಮ್ಮಲ್ಲಿ ಅನೇಕರಿಗೆ ಆಗುವುದಿಲ್ಲ. ಲೆಕ್ಕ ಬರೆಯುವವರಿಗೆ ಟ್ಯಾಲಿ ಬೇಕು. ಮುದ್ರಣಾಲಯದವರ ಬಳಿ ಪೇಜ್‌ಮೇಕರಿನಲ್ಲಿ ಕಟ್ಟಿದ ಹಳೆಯ ಪುಟಗಳಿವೆ. ನುಡಿ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಟೈಪ್ ಮಾಡಿದ ಕಡತಗಳಿವೆ. ಇವೆಲ್ಲ ವಿಂಡೋಸ್ ಅನ್ನೇ ನಂಬಿಕೊಂಡವು. ಕನ್ನಡ ಟೈಪಿಂಗ್ ಬಗ್ಗೆ ಮಾತ್ರ ಹೆದರಬೇಕಿಲ್ಲ. ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಸಿಗುತ್ತದೆ, ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ. ಒಟ್ಟಿನಲ್ಲಿ ಇಂಟರ್‌ನೆಟ್ಟಿನ ಕೆಲಸಕ್ಕೆ ಲಿನಕ್ಸ್, ಬಿಡಲಾಗದ ನಾಲ್ಕಾರು ತಂತ್ರಾಂಶಗಳಿಗೆ ವಿಂಡೋಸ್ ಎಂಬ ತೀರ್ಮಾನಕ್ಕೆ ಬರುವವರು ಹೆಚ್ಚುತ್ತಿದ್ದಾರೆ. ಅದು ಸರಿಯಾದ ತೀರ್ಮಾನ ಎಂದೇ ನನಗೂ ಅನ್ನಿಸುತ್ತದೆ.

ಎರಡೂ ಬೇಕು ಎಂಬುದು ಇತ್ಯರ್ಥವಾಯಿತು. ಎಲ್ಲಿ ಇಡಬೇಕು ಎಂದು ಹೇಳುವ ಮುಂಚೆ ಕಂಪ್ಯೂಟರ್ ಹೇಗೆ ಏಳುತ್ತದೆ ಎಂದು ಸ್ವಲ್ಪ ತಿಳಿಯಬೇಕು. ಹಳೆಯ ಕಾಲದಲ್ಲಿ, ಅಂದರೆ 1980ರ ದಶಕದಿಂದ ಮೊದಲ್ಗೊಂಡು ಸುಮಾರು ಮೂವತ್ತು ವರ್ಷ, ಬಯಾಸ್ ಎಂಬ ಪುಟ್ಟ ತಂತ್ರಾಂಶ ಡ್ರೈವಿನ ಮೊಟ್ಟಮೊದಲ ತುಣುಕನ್ನು ಓದುತ್ತಿತ್ತು. ಆ ತುಣುಕಿನ ಅಳತೆ 512 ಬೈಟ್. ಅದರಲ್ಲಿ ಸಿಸ್ಟಮನ್ನು ಎಬ್ಬಿಸುವ ಸಂಕೇತಕ್ಕೆ ಸಿಗುತ್ತಿದ್ದದ್ದು ಸುಮಾರು 450 ಬೈಟ್. ಈಗ ನಾನು ಆಡಿದ ನಾಲ್ಕು ವಾಕ್ಯಗಳನ್ನು ಬರೆದಿಡಲೂ ಅಷ್ಟು ಜಾಗ ಸಾಲದು. ಇರುವುದು ಒಂದೇ ತುಣುಕು, ಹಕ್ಕುದಾರರು ಇಬ್ಬರು. ಕೊನೆಯಲ್ಲಿ ಇನ್‌ಸ್ಟಾಲ್ ಆದದ್ದು ಹಿಂದಿನದನ್ನು ಅಳಿಸಿ ತನ್ನದನ್ನು ಬರೆಯುತ್ತಿತ್ತು. ವಿಂಡೋಸ್ ಮರುಇನ್‌ಸ್ಟಾಲ್ ಮಾಡಿದ ಮೇಲೆ ಲಿನಕ್ಸ್ ಕಾಣೆಯಾಯಿತು ಎಂಬ ದೂರು ಹುಟ್ಟಿದ್ದೇ ಅಲ್ಲಿ. ಲಿನಕ್ಸ್ ಎಲ್ಲಿಗೂ ಹೋಗಿರುತ್ತಿರಲಿಲ್ಲ. ಅದನ್ನು ಎಬ್ಬಿಸುವವರು ಇರುತ್ತಿರಲಿಲ್ಲ, ಅಷ್ಟೇ.

ಆಮೇಲೆ ಬಯಾಸಿನ ಜಾಗಕ್ಕೆ ಯುಇಎಫ್‌ಐ ಬಂತು. ಇಂಟೆಲ್ 1990ರ ದಶಕದ ಕೊನೆಯಲ್ಲಿ ಶುರುಮಾಡಿದ ಈ ಕೆಲಸವನ್ನು 2005ರಿಂದ ಹಲವು ಕಂಪನಿಗಳ ಒಕ್ಕೂಟ ನಡೆಸುತ್ತಿದೆ. ಈಗ ಡ್ರೈವಿನಲ್ಲಿ ಇದಕ್ಕೆಂದೇ ಒಂದು ಸಣ್ಣ ಪಾರ್ಟಿಷನ್, ಅಂದರೆ ಬೇರ್ಪಡಿಸಿದ ಭಾಗ, ಇರುತ್ತದೆ. ಅದನ್ನು ಇಎಫ್‌ಐ ಪಾರ್ಟಿಷನ್ ಎನ್ನೋಣ. ವಿಂಡೋಸ್ ತನ್ನ ಬೂಟ್ ಕಡತಗಳನ್ನು ಅಲ್ಲಿ ಒಂದು ಫೋಲ್ಡರಿನಲ್ಲಿ ಇಡುತ್ತದೆ. ಉಬುಂಟು ಇನ್ನೊಂದು ಫೋಲ್ಡರಿನಲ್ಲಿ ಇಡುತ್ತದೆ. ಯಾವ ಫೋಲ್ಡರನ್ನು ಮೊದಲು ಓದಬೇಕು ಎಂಬ ಪಟ್ಟಿ ಮದರ್‌ಬೋರ್ಡಿನ ನೆನಪಿನಲ್ಲಿ ಇರುತ್ತದೆ. ಈ ಪಟ್ಟಿ ಡ್ರೈವಿನಲ್ಲಿ ಇರುವುದಿಲ್ಲ, ಮದರ್‌ಬೋರ್ಡಿನಲ್ಲಿ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇಲ್ಲಿ ತಿಳಿದವರು ಒಂದು ಆಕ್ಷೇಪ ಎತ್ತುತ್ತಾರೆ. ಒಂದೇ ಪಾರ್ಟಿಷನ್ನಿನಲ್ಲಿ ಇಬ್ಬರಿಗೂ ಬೇರೆ ಬೇರೆ ಫೋಲ್ಡರ್ ಇದ್ದಮೇಲೆ ಜಗಳ ಎಲ್ಲಿಯದು, ಎರಡು ಡ್ರೈವ್ ಎಂಬುದು ಬಯಾಸ್ ಕಾಲದ ಭಯ ಎನ್ನುತ್ತಾರೆ. ಆಕ್ಷೇಪದಲ್ಲಿ ಅರ್ಧ ನಿಜವಿದೆ. ಪಾಲಾದ ಮನೆಯಲ್ಲಿ ಅಣ್ಣತಮ್ಮಂದಿರ ಕೋಣೆಗಳು ಬೇರೆಯಾದರೂ ತಲೆಬಾಗಿಲು ಒಂದೇ ಆಗಿದ್ದರೆ ಏನಾಗುತ್ತದೋ ಇಲ್ಲೂ ಅದೇ. ಯಾಕೆಂದರೆ ಯುಇಎಫ್‌ಐಗೆ ಒಂದು ಕಟ್ಟಕಡೆಯ ನಿಯಮವಿದೆ. ಮದರ್‌ಬೋರ್ಡಿನ ಪಟ್ಟಿ ಅಳಿಸಿಹೋದರೆ, ಡ್ರೈವನ್ನು ಇನ್ನೊಂದು ಯಂತ್ರಕ್ಕೆ ಹಾಕಿದರೆ, ಅದು ಬೂಟ್‌ಎಕ್ಸ್64 ಎಂಬ ಗೊತ್ತಾದ ಹೆಸರಿನ ಒಂದೇ ಕಡತವನ್ನು ಹುಡುಕುತ್ತದೆ. ಒಂದು ಇಎಫ್‌ಐ ಪಾರ್ಟಿಷನ್ನಿನಲ್ಲಿ ಆ ಹೆಸರಿನ ಕಡತ ಒಂದೇ ಇರಲು ಸಾಧ್ಯ. ವಿಂಡೋಸೂ ಅಲ್ಲಿ ತನ್ನ ಪ್ರತಿ ಇಡುತ್ತದೆ, ಉಬುಂಟುವೂ ಇಡುತ್ತದೆ. ಎರಡು ಡ್ರೈವ್, ಎರಡು ಇಎಫ್‌ಐ ಪಾರ್ಟಿಷನ್ ಇದ್ದರೆ ಇಬ್ಬರಿಗೂ ತಮ್ಮ ತಮ್ಮ ಕಡತ ಉಳಿಯುತ್ತದೆ. ಪಟ್ಟಿ ಅಳಿಸಿಹೋದರೂ ಇಬ್ಬರೂ ತಮ್ಮಷ್ಟಕ್ಕೆ ಏಳಬಲ್ಲರು.

ಇಲ್ಲಿಯವರೆಗೆ ಹೇಳಿದ್ದು ತತ್ತ್ವ. ಬಯಾಸ್ ಕಾಲದಲ್ಲಿ ಜಾಗ ಒಂದೇ ಇತ್ತು, ಯುಇಎಫ್‌ಐ ಕಾಲದಲ್ಲಿ ಫೋಲ್ಡರುಗಳು ಬೇರೆಯಾದರೂ ಕಡೆಯ ಆಸರೆ ಒಂದೇ ಉಳಿಯಿತು. ಇನ್ನು ನಡೆದ ಸಂಗತಿಗಳನ್ನು ನೋಡೋಣ. ವಿಂಡೋಸ್ ತಾನು ಇನ್‌ಸ್ಟಾಲ್ ಆಗುವಾಗ ಮಾಡಿಕೊಳ್ಳುವ ಇಎಫ್‌ಐ ಪಾರ್ಟಿಷನ್ ಸಾಮಾನ್ಯವಾಗಿ 100 ಎಂಬಿ. ಅದಕ್ಕೆ ಅಷ್ಟು ಸಾಕು. ಆದರೆ ಲಿನಕ್ಸಿನ ಕೆಲವು ಆವೃತ್ತಿಗಳು ತಮ್ಮ ತಿರುಳಾದ ಕರ್ನಲ್ ಕಡತಗಳನ್ನೇ ಅಲ್ಲಿ ಇಡುತ್ತವೆ. ಅವುಗಳಿಗೆ 100 ಎಂಬಿ ಸಾಲದು. ನಡುವೆ ಸಿಕ್ಕಿಕೊಂಡ ಆ ಪಾರ್ಟಿಷನ್ನನ್ನು ದೊಡ್ಡದು ಮಾಡುವುದೂ ಸುಲಭವಲ್ಲ. 2024ರ ಜನವರಿಯಲ್ಲಿ ಇನ್ನೊಂದು ತೊಂದರೆ ಬಂತು. ವಿಂಡೋಸಿನ ದುರಸ್ತಿ ಪಾರ್ಟಿಷನ್ನಿಗೆ ಬಂದ ಒಂದು ಭದ್ರತಾ ಅಪ್‌ಡೇಟಿಗೆ ಅಲ್ಲಿ ಸುಮಾರು 250 ಎಂಬಿ ಖಾಲಿ ಜಾಗ ಬೇಕಿತ್ತು. ಜಾಗ ಇಲ್ಲದ ಯಂತ್ರಗಳಲ್ಲಿ ಅಪ್‌ಡೇಟ್ ಸೋಲುತ್ತ ಹೋಯಿತು. ಪಾರ್ಟಿಷನ್ನನ್ನು ಕೈಯಾರೆ ಹಿಗ್ಗಿಸಿಕೊಳ್ಳಿ ಎಂಬ ಸೂಚನೆ ಬಂತು. ಇದು ಡ್ಯುಯಲ್ ಬೂಟ್ ಇಲ್ಲದವರಿಗೂ ಬಂದ ತೊಂದರೆ, ನಿಜ. ಆದರೆ ಪಕ್ಕದಲ್ಲೇ ಲಿನಕ್ಸಿನ ಪಾರ್ಟಿಷನ್ ಕೂತಿದ್ದವರು ಹಿಗ್ಗಿಸುವುದು ಎಲ್ಲಿಗೆ? ಒಂದು ಡ್ರೈವನ್ನು ಹಂಚಿಕೊಂಡವರಿಗೆ ಪ್ರತಿಯೊಂದು ಹೊಂದಾಣಿಕೆಯೂ ಇನ್ನೊಬ್ಬರ ಗಡಿಗೆ ತಾಗುತ್ತದೆ.

ಇದಕ್ಕಿಂತ ಸಾಮಾನ್ಯವಾದ ಸಂಗತಿ ಬೇರೆ ಇದೆ. ಅದು ತಂತ್ರಜ್ಞಾನದ್ದಲ್ಲ, ಮನುಷ್ಯರದ್ದು. ವಿಂಡೋಸ್ ಕೆಟ್ಟಾಗ ನಾವು ಏನು ಮಾಡುತ್ತೇವೆ? ರಿಪೇರಿ ಅಂಗಡಿಗೆ ಒಯ್ಯುತ್ತೇವೆ. ಅಲ್ಲಿನ ಹುಡುಗನಿಗೆ ಸಿ ಡ್ರೈವ್, ಡಿ ಡ್ರೈವ್ ಗೊತ್ತು. ಲಿನಕ್ಸಿನ ಪಾರ್ಟಿಷನ್ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯಲ್ಲಿ ಅಕ್ಷರವಿಲ್ಲದ, ಹೆಸರಿಲ್ಲದ ಒಂದು ಪಟ್ಟಿಯಂತೆ ಕಾಣುತ್ತದೆ. ಒಳಗೆ ಏನಿದೆ ಎಂದು ವಿಂಡೋಸ್ ಹೇಳುವುದಿಲ್ಲ. ಯಾಕೆಂದರೆ ಲಿನಕ್ಸಿನ ಕಡತ ವ್ಯವಸ್ಥೆಯನ್ನು ಅದು ತಾನಾಗಿ ಓದುವುದಿಲ್ಲ. ಖಾಲಿ ಜಾಗ ಎಂದುಕೊಂಡು ಅಳಿಸಿಬಿಡುವುದು ಅಲ್ಲಿ ಸಹಜ. ಅವನನ್ನು ಬೈದು ಪ್ರಯೋಜನವಿಲ್ಲ. ಲಿನಕ್ಸ್ ಬೇರೆ ಡ್ರೈವಿನಲ್ಲಿದ್ದರೆ ಅಂಗಡಿಗೆ ಹೋಗುವ ಮುಂಚೆ ಆ ಡ್ರೈವನ್ನು ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಬಹುದು. ಡ್ರೈವ್ ಸಾಯುವುದೂ ಉಂಟು. ಒಂದು ಸತ್ತರೆ ಇನ್ನೊಂದರಲ್ಲಿ ಕೆಲಸ ಮುಂದುವರಿಯುತ್ತದೆ. ಎರಡೂ ಒಂದರಲ್ಲೇ ಇದ್ದರೆ ಎರಡೂ ಹೋದವು.

ಹೀಗೆ, ಒಂದೇ ಡ್ರೈವಿನ ಸಹವಾಸದಲ್ಲಿ ಜಾಗದ ಇಕ್ಕಟ್ಟಿದೆ, ರಿಪೇರಿಯ ಅಪಾಯವಿದೆ, ಸಾವು ಒಟ್ಟಿಗೆ ಬರುವ ಸಾಧ್ಯತೆಯಿದೆ. ಇಷ್ಟು ಒಪ್ಪಿದವರು ಎರಡನೆಯ ಎಸ್‌ಎಸ್‌ಡಿ ತಂದು ಹಾಕುತ್ತಾರೆ. ಇನ್‌ಸ್ಟಾಲರಿನಲ್ಲಿ ಅದನ್ನೇ ಆರಿಸುತ್ತಾರೆ. ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ನಿಜವಾದ ಎಡವಟ್ಟು ಇರುವುದು ಇಲ್ಲಿ. ಉಬುಂಟುವಿನ ಹಿಂದಿನ ಇನ್‌ಸ್ಟಾಲರಿಗೆ ವರ್ಷಗಟ್ಟಲೆ ಒಂದು ಹೆಸರಾದ ದೋಷವಿತ್ತು. ಬೂಟ್ ಕಡತವನ್ನು ಎರಡನೆಯ ಡ್ರೈವಿನಲ್ಲಿ ಹಾಕು ಎಂದು ನೀವು ಹೇಳಿದರೂ ಅದು ಯಂತ್ರದಲ್ಲಿ ಮೊದಲು ಕಂಡ ಇಎಫ್‌ಐ ಪಾರ್ಟಿಷನ್ನಿಗೇ ಹಾಕುತ್ತಿತ್ತು. ಮೊದಲು ಕಾಣುವುದು ಸಾಮಾನ್ಯವಾಗಿ ವಿಂಡೋಸಿನದು. ವಿಂಡೋಸ್ ಇನ್‌ಸ್ಟಾಲರೂ ಕಡಿಮೆಯಲ್ಲ. ಬೇರೊಂದು ಡ್ರೈವಿನಲ್ಲಿ ಆಗಲೇ ಇಎಫ್‌ಐ ಪಾರ್ಟಿಷನ್ ಇದ್ದರೆ ತನ್ನ ಬೂಟ್ ಕಡತಗಳನ್ನು ಅಲ್ಲಿಗೇ ಹಾಕಿ, ಉಳಿದದ್ದನ್ನು ನೀವು ಹೇಳಿದ ಡ್ರೈವಿನಲ್ಲಿ ಇಡುವುದುಂಟು. ಆಗ ಡ್ರೈವ್ ಎರಡಾದರೂ ಬೂಟ್ ಒಂದೇ ಕಡೆ ಉಳಿಯಿತು. ಇದರ ಫಲ ತಕ್ಷಣ ಗೊತ್ತಾಗುವುದಿಲ್ಲ. ಎರಡೂ ಚೆನ್ನಾಗಿಯೇ ಏಳುತ್ತವೆ. ಎಂದೋ ಒಂದು ದಿನ ಲಿನಕ್ಸ್ ಬೇಡವೆಂದು ಆ ಡ್ರೈವ್ ತೆಗೆದುಬಿಟ್ಟರೆ, ವಿಂಡೋಸ್ ಬರುವ ಬದಲು ಕಪ್ಪು ಪರದೆಯ ಮೇಲೆ ಗ್ರಬ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಮಿನುಗುವ ಒಂದು ಗೆರೆ ಮಾತ್ರ ಬರುತ್ತದೆ. ಗ್ರಬ್ ಎಂದರೆ ಲಿನಕ್ಸಿನ ಬೂಟ್ ತಂತ್ರಾಂಶ. ವಿಂಡೋಸಿನ ಡ್ರೈವಿನಲ್ಲಿ ಉಳಿದುಕೊಂಡ ಅದು, ಈಗ ಇಲ್ಲದ ಡ್ರೈವಿನಲ್ಲಿ ತನ್ನ ಮೆನುವನ್ನು ಹುಡುಕುತ್ತ ನಿಂತಿರುತ್ತದೆ. ವಿಂಡೋಸ್ ಕೆಟ್ಟಿಲ್ಲ. ನೋಡುವವರಿಗೆ ಮಾತ್ರ ಇಡೀ ಕಂಪ್ಯೂಟರ್ ಹೋದಂತೆ ಕಾಣುತ್ತದೆ.

ಅದಕ್ಕೇ ಬಿಚ್ಚಿಡಿ ಎಂದದ್ದು. ಇನ್‌ಸ್ಟಾಲರಿಗೆ ಕಾಣದ ಡ್ರೈವಿನ ಮೇಲೆ ಅದು ಏನನ್ನೂ ಬರೆಯಲಾರದು. ಇನ್‌ಸ್ಟಾಲರುಗಳು ಸುಧಾರಿಸುತ್ತಿವೆ ಎಂದು ಕೆಲವರು ವಾದಿಸುತ್ತಾರೆ. ಇರಬಹುದು. ಆದರೆ ನಿಮ್ಮ ಕೈಗೆ ಸಿಕ್ಕಿದ ಆವೃತ್ತಿಯಲ್ಲಿ ಯಾವ ದೋಷ ಸರಿಯಾಗಿದೆ, ಯಾವುದು ಉಳಿದಿದೆ ಎಂದು ಶೋಧಿಸುವುದಕ್ಕಿಂತ ಒಂದು ಕೇಬಲ್ ಕಿತ್ತಿಡುವುದು ಸುಲಭ. ಇದು ಹೇಗೆ ನಡೆಯುತ್ತದೆ ಎಂದು ಮಾತಿನಲ್ಲೇ ತೋರಿಸುತ್ತೇನೆ. ಮೊದಲು ಕಡತಗಳ ನಕಲನ್ನು ಬೇರೆ ಕಡೆ ಇಡಿ. ಕಂಪ್ಯೂಟರನ್ನು ಪೂರ್ತಿ ಶಟ್‌ಡೌನ್ ಮಾಡಿ. ಗೋಡೆಯ ಪ್ಲಗ್ ತೆಗೆಯಿರಿ. ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿಹಿಡಿದರೆ ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಡೆಸ್ಕ್‌ಟಾಪಿನ ಪಕ್ಕದ ಮುಚ್ಚಳ ತೆಗೆದರೆ, ಅಂಗೈಯಗಲದ ಚಪ್ಪಟೆ ಎಸ್‌ಎಸ್‌ಡಿಗೆ ಎರಡು ಕೇಬಲ್ ಬಂದಿರುವುದು ಕಾಣುತ್ತದೆ. ಅಗಲವಾದದ್ದು ವಿದ್ಯುತ್ತಿನದು, ಕಿರಿದಾದದ್ದು ಮಾಹಿತಿಯದು. ಕಿರಿದಾದದ್ದನ್ನು ತೆಗೆದರೆ ಸಾಕು. ಡ್ರೈವ್ ಎಂ ಡಾಟ್ ಟು ನಮೂನೆಯದಾಗಿದ್ದರೆ ಅದಕ್ಕೆ ಕೇಬಲ್ ಇರುವುದಿಲ್ಲ. ಚ್ಯೂಯಿಂಗ್ ಗಮ್ ಪಟ್ಟಿಯಷ್ಟಿರುವ ಆ ಹಲಗೆಯ ತುದಿಯಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿದರೆ ಹಲಗೆ ತುಸು ಮೇಲಕ್ಕೆದ್ದು ನಿಲ್ಲುತ್ತದೆ, ನೇರವಾಗಿ ಎಳೆದುಕೊಳ್ಳಬಹುದು. ಸ್ಕ್ರೂ ಕಳೆಯಬೇಡಿ, ಆ ಅಳತೆಯದು ಪೇಟೆಯಲ್ಲಿ ಬೇಗ ಸಿಗುವುದಿಲ್ಲ. ಬಿಚ್ಚಲು ಭಯವಿದ್ದರೆ ಕೆಲವು ಮದರ್‌ಬೋರ್ಡುಗಳ ಬಯಾಸ್ ಸೆಟ್ಟಿಂಗಿನಲ್ಲಿ ಆ ಪೋರ್ಟನ್ನು ಆಫ್ ಮಾಡುವ ಅವಕಾಶವಿದೆ, ಅದೂ ಆಗುತ್ತದೆ. ಈಗ ಯಂತ್ರದಲ್ಲಿ ಹೊಸ ಡ್ರೈವ್ ಒಂದೇ ಉಳಿಯಿತು. ಪೆನ್‌ಡ್ರೈವಿನಿಂದ ಲಿನಕ್ಸನ್ನು ಇನ್‌ಸ್ಟಾಲ್ ಮಾಡಿ. ಇಡೀ ಡ್ರೈವನ್ನು ಬಳಸು ಎಂಬ, ಬೇರೆ ಹೊತ್ತಿನಲ್ಲಿ ಬೆವರಿಳಿಸುವ ಆಯ್ಕೆಯನ್ನು ಇಲ್ಲಿ ನಿಶ್ಚಿಂತೆಯಿಂದ ಒತ್ತಬಹುದು. ತಪ್ಪಾಗಲು ಅಲ್ಲಿ ಬೇರೆ ಡ್ರೈವೇ ಇಲ್ಲ. ಲಿನಕ್ಸ್ ಒಂದೇ ಸರಿಯಾಗಿ ಏಳುತ್ತದೆ ಎಂದು ಖಾತ್ರಿಯಾದ ಮೇಲೆ ಮತ್ತೆ ಶಟ್‌ಡೌನ್ ಮಾಡಿ ಹಳೆಯ ಡ್ರೈವನ್ನು ಜೋಡಿಸಿ.

ಇನ್ನು ಮುಂದೆ ಯಾವುದು ಬೇಕೋ ಅದನ್ನು ಆರಿಸುವುದು ಮದರ್‌ಬೋರ್ಡಿನ ಬೂಟ್ ಮೆನುವಿನಿಂದ. ಯಂತ್ರ ಆನ್ ಆದ ಕೂಡಲೇ ಒಂದು ಕೀಲಿಯನ್ನು ತಟ್ಟಬೇಕು. ಡೆಲ್, ಲೆನೊವೊ, ಗಿಗಾಬೈಟ್ ಆದರೆ ಸಾಮಾನ್ಯವಾಗಿ ಎಫ್12. ಎಚ್‌ಪಿ ಆದರೆ ಎಫ್9. ಏಸಸ್ ಬೋರ್ಡ್ ಆದರೆ ಎಫ್8. ಎಂಎಸ್‌ಐ ಆದರೆ ಎಫ್11. ಪ್ರತಿಸಲ ಕೀಲಿ ಒತ್ತುವುದು ಕಿರಿಕಿರಿ, ಲಿನಕ್ಸಿನ ಗ್ರಬ್ ಮೆನುವಿನಲ್ಲೇ ಎರಡೂ ಹೆಸರು ಬಂದರೆ ಅನುಕೂಲವಲ್ಲವೇ ಎಂದು ನೀವು ಕೇಳಬಹುದು. ಅನುಕೂಲ ನಿಜ, ಮಾಡಿಕೊಳ್ಳಲೂ ಬಹುದು. ಆದರೆ ವಿಂಡೋಸಿನಲ್ಲಿ ಬಿಟ್‌ಲಾಕರ್ ಎಂಬ ಬೀಗವಿದ್ದರೆ, ಗ್ರಬ್ ಮೂಲಕ ಬಂದಾಗ ದಾರಿ ಬದಲಾಗಿದೆ ಎಂದು ಅದು ಅನುಮಾನಿಸಿ ರಿಕವರಿ ಕೀ ಕೇಳುವುದುಂಟು. ನಾನಾದರೆ ಹೆಚ್ಚು ಬಳಸುವುದನ್ನು ಮೊದಲನೆಯದಾಗಿ ಇಟ್ಟು, ಇನ್ನೊಂದಕ್ಕೆ ಮಾತ್ರ ಕೀಲಿ ಒತ್ತಿ ಎನ್ನುತ್ತೇನೆ.

ಇಷ್ಟರವರೆಗೆ ಎರಡು ಡ್ರೈವ್ ಯಾಕೆ, ಬಿಚ್ಚಿಡುವುದು ಯಾಕೆ, ಹೇಗೆ ಎಂದಾಯಿತು. ಈಗ ನನ್ನ ವಾದಕ್ಕೆ ಬರಬಹುದಾದ ಅತಿ ಗಟ್ಟಿಯಾದ ಆಕ್ಷೇಪವನ್ನು ಎತ್ತಿಕೊಳ್ಳುತ್ತೇನೆ. 2024ರ ಆಗಸ್ಟ್ ತಿಂಗಳ ವಿಂಡೋಸ್ ಅಪ್‌ಡೇಟ್ ಬಂದ ಮೇಲೆ ಹಲವು ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳಲೇ ಇಲ್ಲ. ಏನೋ ಗಂಭೀರವಾಗಿ ಕೆಟ್ಟಿದೆ ಎಂಬ ಅರ್ಥದ ಇಂಗ್ಲಿಷ್ ಸಾಲು ತೋರಿಸಿ ಯಂತ್ರ ಆಫ್ ಆಗುತ್ತಿತ್ತು. ಕಾರಣ ಇಷ್ಟು. ಹಳೆಯ, ಭದ್ರತೆ ಇಲ್ಲದ ಲಿನಕ್ಸ್ ಬೂಟ್ ತಂತ್ರಾಂಶಗಳನ್ನು ತಡೆಯುವ ಒಂದು ನಿಷೇಧ ನಿಯಮವನ್ನು ಆ ಅಪ್‌ಡೇಟ್ ಸೇರಿಸಿತು. ಡ್ಯುಯಲ್ ಬೂಟ್ ಇರುವಲ್ಲಿ ಅದು ಅನ್ವಯವಾಗದು ಎಂದು ಮೈಕ್ರೋಸಾಫ್ಟ್ ಹೇಳಿತ್ತು. ಆದರೆ ಎಲ್ಲ ಬಗೆಯ ಡ್ಯುಯಲ್ ಬೂಟನ್ನು ಗುರುತಿಸಲು ಅಪ್‌ಡೇಟಿಗೆ ಆಗಲಿಲ್ಲ. ಪೂರ್ತಿ ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ. ಈ ನಿಯಮ ಬರೆಯಲ್ಪಟ್ಟದ್ದು ಡ್ರೈವಿನಲ್ಲಿ ಅಲ್ಲ, ಮದರ್‌ಬೋರ್ಡಿನ ನೆನಪಿನಲ್ಲಿ. ಹಾಗಾಗಿ ಎರಡು ಡ್ರೈವ್ ಇಟ್ಟವರಿಗೂ ರಕ್ಷಣೆ ಸಿಗಲಿಲ್ಲ. ಇದನ್ನು ನಾನು ಒಪ್ಪಲೇಬೇಕು. ಬೇರೆ ಡ್ರೈವ್ ಎಂಬುದು ಡ್ರೈವನ್ನು ಬೇರೆ ಮಾಡುತ್ತದೆ, ಮದರ್‌ಬೋರ್ಡನ್ನು ಬೇರೆ ಮಾಡುವುದಿಲ್ಲ. ಆದರೆ ಇದರಿಂದ ಎರಡು ಡ್ರೈವ್ ವ್ಯರ್ಥ ಎಂದಾಗುವುದಿಲ್ಲ. ಆ ಪ್ರಸಂಗದಲ್ಲಿ ಯಾರ ಕಡತವೂ ಅಳಿಸಿಹೋಗಲಿಲ್ಲ. ಸೆಕ್ಯೂರ್ ಬೂಟ್ ಎಂಬ ಕಾವಲನ್ನು ತಾತ್ಕಾಲಿಕವಾಗಿ ಆಫ್ ಮಾಡಿದರೆ ಲಿನಕ್ಸ್ ಏಳುತ್ತಿತ್ತು, ಒಳಗಿನಿಂದ ಆ ನಿಯಮವನ್ನು ತೆಗೆಯಬಹುದಿತ್ತು. ಹಂಚಿಕೊಂಡ ವಸ್ತು ಎಷ್ಟು ಕಡಿಮೆಯೋ ಕೆಡುವ ಜಾಗವೂ ಅಷ್ಟು ಕಡಿಮೆ, ಹುಡುಕುವುದೂ ಸುಲಭ.

ಮದರ್‌ಬೋರ್ಡ್ ಹಂಚಿಕೆಯಾಗಿ ಉಳಿಯುತ್ತದೆ ಎಂದಮೇಲೆ ಅದರ ಗಡಿಯಾರವೂ ಹಂಚಿಕೆಯೇ. ನಮ್ಮ ದೇಶದಲ್ಲಿ ಇದು ಒಂದು ವಿಚಿತ್ರ ರೂಪದಲ್ಲಿ ಕಾಣುತ್ತದೆ. ಮದರ್‌ಬೋರ್ಡಿನ ಗಡಿಯಾರ ಸ್ಥಳೀಯ ಸಮಯ ತೋರಿಸುತ್ತದೆ ಎಂದು ವಿಂಡೋಸ್ ನಂಬುತ್ತದೆ. ಅದು ಗ್ರೀನ್‌ವಿಚ್ ಲೆಕ್ಕದ ವಿಶ್ವ ಸಮಯ ಎಂದು ಲಿನಕ್ಸ್ ನಂಬುತ್ತದೆ. ನಡುವಿನ ಅಂತರ ನಮಗೆ ಐದೂವರೆ ಗಂಟೆ. ಬೆಳಗ್ಗೆ ಹತ್ತಕ್ಕೆ ಲಿನಕ್ಸ್ ಮುಗಿಸಿ ವಿಂಡೋಸ್ ತೆರೆದರೆ ಗಂಟೆ ಬೆಳಗಿನ ನಾಲ್ಕೂವರೆ ಎಂದು ತೋರಿಸುತ್ತದೆ. ಬ್ಯಾಟರಿ ಹೋಯಿತು ಎಂದು ಜನ ಮದರ್‌ಬೋರ್ಡಿನ ಸೆಲ್ ಬದಲಾಯಿಸುತ್ತಾರೆ, ಗಂಟೆ ಸರಿಹೋಗುವುದಿಲ್ಲ. ಲಿನಕ್ಸಿಗೆ ಒಂದು ಸಾಲಿನ ಆಜ್ಞೆ ಕೊಟ್ಟು ಸ್ಥಳೀಯ ಸಮಯವನ್ನೇ ಬಳಸು ಎಂದರೆ ತೊಂದರೆ ತೀರುತ್ತದೆ. ಟ್ಯಾಲಿಯಂಥ ಲೆಕ್ಕದ ಕೆಲಸಕ್ಕೆ ಕೂರುವವರು ಇದನ್ನು ಮೊದಲ ದಿನವೇ ಸರಿಮಾಡಿಕೊಳ್ಳಬೇಕು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಅನ್ನೂ ಆಫ್ ಮಾಡಿ. ವಿಂಡೋಸ್ 8ರಿಂದ ಬಂದ ಈ ಸೌಲಭ್ಯ ಇದ್ದಾಗ ಶಟ್‌ಡೌನ್ ಎಂದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿ ಇರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸಿನಿಂದ ವಿಂಡೋಸಿನ ಡ್ರೈವಿಗೆ ಬರೆದರೆ ಕಡತಗಳು ಹಾಳಾಗುವ ಅಪಾಯವಿದೆ. ಒಳ್ಳೆಯ ಲಿನಕ್ಸ್ ಆವೃತ್ತಿ ಅದನ್ನು ಗುರುತಿಸಿ ಬರೆಯಲು ನಿರಾಕರಿಸುತ್ತದೆ. ಜನ ಆ ನಿರಾಕರಣೆಯನ್ನೇ ದೋಷ ಎಂದುಕೊಳ್ಳುತ್ತಾರೆ.

ಡ್ರೈವ್ ಬೇರೆ ಮಾಡಿದ ಮೇಲೂ ಗಡಿಯಾರ, ನಿಷೇಧ ನಿಯಮ, ಬೂಟ್ ಪಟ್ಟಿ ಹಂಚಿಕೆಯಾಗಿಯೇ ಉಳಿಯುತ್ತವೆ ಎಂದು ಕಂಡೆವು. ಇನ್ನು ಖರ್ಚಿನ ಮಾತು. ಎರಡನೆಯ ಡ್ರೈವಿಗೆ ದುಡ್ಡು ಬೇಕಲ್ಲ ಎಂಬುದು ನ್ಯಾಯವಾದ ಆಕ್ಷೇಪ. ಆದರೆ ದೊಡ್ಡ ಡ್ರೈವ್ ಬೇಕಿಲ್ಲ. ಉಬುಂಟು ಕೇಳುವ ಕನಿಷ್ಠ ಜಾಗ ಸುಮಾರು 25 ಜಿಬಿ. ಪೇಟೆಯಲ್ಲಿ ಸಿಗುವ 240 ಜಿಬಿಯ ಸಣ್ಣ ಎಸ್‌ಎಸ್‌ಡಿ ಧಾರಾಳ. ಈಗಿರುವ ಡ್ರೈವಿಗಿಂತ ಬೇರೆ ಅಳತೆಯದನ್ನೇ ಕೊಳ್ಳಿ ಎಂಬುದು ನನ್ನ ಸಲಹೆ. ವಿಂಡೋಸಿನಲ್ಲಿ 500 ಜಿಬಿಯ ಡ್ರೈವ್ 465 ಎಂದು ಕಾಣುತ್ತದೆ, ಲಿನಕ್ಸಿನ ಪರದೆಯಲ್ಲಿ 500 ಎಂದೇ ಕಾಣುವುದುಂಟು. ಎರಡು ಡ್ರೈವೂ ಒಂದೇ ಅಳತೆಯದಾದರೆ ಯಾವುದು ಯಾವುದೆಂದು ಗೊತ್ತಾಗದೆ ತಪ್ಪು ಡ್ರೈವನ್ನು ಅಳಿಸುವ ಸಂಭವ ಹೆಚ್ಚು. ಲ್ಯಾಪ್‌ಟಾಪಿನಲ್ಲಿ ಒಂದೇ ಡ್ರೈವಿಗೆ ಜಾಗ ಇದ್ದರೆ? ಹಳೆಯ ಲ್ಯಾಪ್‌ಟಾಪುಗಳಲ್ಲಿ ಡಿವಿಡಿ ಡ್ರೈವ್ ತೆಗೆದು ಆ ಜಾಗದಲ್ಲಿ ಕ್ಯಾಡಿ ಎಂಬ ಚೌಕಟ್ಟಿನೊಳಗೆ ಎಸ್‌ಎಸ್‌ಡಿ ಕೂರಿಸಬಹುದು. ಅದೂ ಇಲ್ಲದಿದ್ದರೆ ಯುಎಸ್‌ಬಿ 3 ಕೇಬಲಿನ ಹೊರಗಿನ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಚೆನ್ನಾಗಿ ಓಡುತ್ತದೆ. ವಿಂಡೋಸ್ ಇನ್‌ಸ್ಟಾಲರ್ ಯುಎಸ್‌ಬಿ ಡ್ರೈವಿನಲ್ಲಿ ಕೂರಲು ಒಪ್ಪುವುದಿಲ್ಲ, ಹಾಗಾಗಿ ಹೊರಗೆ ಹೋಗಬೇಕಾದದ್ದು ಲಿನಕ್ಸೇ. ಬೂಟ್ ಕಡತ ಒಳಗಿನ ಡ್ರೈವಿಗೆ ಹೋಗಿಬಿಟ್ಟರೆ ಹೊರಗಿನ ಡ್ರೈವ್ ಕಿತ್ತ ಕ್ಷಣವೇ ಆ ಕಪ್ಪು ಪರದೆ. ಬಿಚ್ಚಿಡುವ ನಿಯಮ ಇಲ್ಲಿ ಇನ್ನೂ ಕಟ್ಟುನಿಟ್ಟು.

ಡ್ಯುಯಲ್ ಬೂಟೇ ಯಾಕೆ, ವಿಂಡೋಸಿನೊಳಗೇ ವರ್ಚುವಲ್ ಮಷೀನ್ ಹಾಕಿ ಲಿನಕ್ಸ್ ಓಡಿಸಬಹುದಲ್ಲ ಎನ್ನುವವರೂ ಇದ್ದಾರೆ. 16 ಜಿಬಿ ರ್‍ಯಾಮ್ ಇರುವ ಹೊಸ ಯಂತ್ರದಲ್ಲಿ, ಕಲಿಯಲೆಂದು ಲಿನಕ್ಸ್ ಬೇಕಾದವರಿಗೆ ಅದು ಒಳ್ಳೆಯ ದಾರಿ. ಆದರೆ ನಾವು ಮಾತಾಡುತ್ತಿರುವುದು ನಾಲ್ಕೋ ಎಂಟೋ ಜಿಬಿ ಇರುವ ಹಳೆಯ ಯಂತ್ರದ ಬಗ್ಗೆ. ಅಲ್ಲಿ ಎರಡು ಸಿಸ್ಟಮ್ ಒಟ್ಟಿಗೆ ಓಡಿದರೆ ಎರಡೂ ಕುಂಟುತ್ತವೆ. ಅದಕ್ಕಿಂತ ಮುಖ್ಯವಾಗಿ, ಕೆಳಗೆ ಓಡುತ್ತಿರುವುದು ಬೆಂಬಲ ನಿಂತ ವಿಂಡೋಸ್ ಆಗಿದ್ದರೆ ಮೇಲಿನ ಲಿನಕ್ಸ್ ಎಷ್ಟು ಭದ್ರವಾಗಿದ್ದರೂ ಪ್ರಯೋಜನವಿಲ್ಲ. ಬೇರೆ ಡ್ರೈವಿನಲ್ಲಿ ಲಿನಕ್ಸ್ ಇಟ್ಟು ಬ್ಯಾಂಕು, ಇಮೇಲ್ ಎಲ್ಲ ಅಲ್ಲಿ ನಡೆಸಬೇಕು. ವಿಂಡೋಸ್ 10ನ್ನು ಇಂಟರ್‌ನೆಟ್ ಇಲ್ಲದೆ ಮುದ್ರಣಕ್ಕೆ, ಹಳೆಯ ಕಡತಗಳಿಗೆ ಮಾತ್ರ ತೆರೆಯಬೇಕು. ಆಗ ಅದರ ಆಯುಷ್ಯವೂ ಹೆಚ್ಚುತ್ತದೆ. ಎರಡೂ ಕಡೆ ಬೇಕಾದ ಕಡತಗಳನ್ನು ವಿಂಡೋಸಿನ ಎನ್‌ಟಿಎಫ್‌ಎಸ್ ಪಾರ್ಟಿಷನ್ನಿನಲ್ಲಿ ಇಡಿ. ಲಿನಕ್ಸ್ ಅದನ್ನು ಓದಿ ಬರೆಯಬಲ್ಲದು. ನುಡಿಯ ಹಳೆಯ ಫಾಂಟಿನ ಕಡತಗಳನ್ನು ಮಾತ್ರ ಯುನಿಕೋಡಿಗೆ ಬದಲಾಯಿಸಿಕೊಂಡು ಒಯ್ಯಿರಿ, ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಡೆ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಕಾಣುತ್ತವೆ.

ಕೊನೆಗೆ ಒಂದು ಕೋರಿಕೆ. ಈಚಿನ ವಿಂಡೋಸ್ 11 ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡ್ರೈವಿಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರುವುದು ಸಾಮಾನ್ಯ. ನಿಮಗೆ ಅದು ಗೊತ್ತೇ ಇರಲಿಕ್ಕಿಲ್ಲ. ಸೆಕ್ಯೂರ್ ಬೂಟ್ ಸೆಟ್ಟಿಂಗ್ ಮುಟ್ಟಿದರೆ, ಬೂಟ್ ಕ್ರಮ ಬದಲಿಸಿದರೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಇರುತ್ತದೆ. ಹೊಸ ಡ್ರೈವ್ ಕೊಳ್ಳಲು ಪೇಟೆಗೆ ಹೊರಡುವ ಮುಂಚೆಯೇ ಆ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಕಂಪ್ಯೂಟರಿನೊಳಗೆ ಬೇಡ, ಹಾಳೆಯಲ್ಲೇ ಬರೆಯಿರಿ.